ಮಗ್ಗದ ಸಪ್ಪಳಕ್ಕೆ ಕಲಿತ ಹೆಜ್ಜೆ

ಇಪ್ಪತ್ತೊಂಬತ್ತನೆಯ ವಯಸ್ಸಿಗೆ, ಒಂದು ಕೂಸಿನ ತಾಯಿಯಾಗಿ, ಹುನಗುಂದದ ಕೋರ್ಟಿನಲ್ಲಿ ದಿನವಿಡೀ ಟೈಪು ಬಡಿದು ಇಳಕಲ್ಲಿಗೆ ಮರಳುವವಳಿಗೆ ಭರತನಾಟ್ಯ ಯಾಕೆ ಬೇಕಿತ್ತು? ಕೇಳಿದವರಿಗೆಲ್ಲ ನಾನು ಒಂದೇ ಮಾತು ಹೇಳುತ್ತಿದ್ದೆ: ನಿಮಗೆ ಎಲೆ ಅಡಿಕೆ ಯಾಕೆ ಬೇಕೋ ಅದಕ್ಕೇ. ಖರೆ ಹೇಳಬೇಕೆಂದರೆ ನನಗೂ ಉತ್ತರ ಗೊತ್ತಿರಲಿಲ್ಲ. ನನ್ನ ತವರು ಬಾದಾಮಿ. ಆ ಊರಲ್ಲಿ ಕಲ್ಲು ಕುಣಿಯಬಹುದು, ಮನೆತನದ ಹೆಣ್ಣುಮಕ್ಕಳು ಕುಣಿಯಬಾರದು. ಸಣ್ಣವಳಿದ್ದಾಗ ಒಮ್ಮೆ ಅಂಗಳದಲ್ಲಿ ಕಾಲು ಬಡಿದದ್ದಕ್ಕೆ ಅಜ್ಜಿಯ ಕೈಯಲ್ಲಿ ಬೆನ್ನಿಗೆ ಪೆಟ್ಟು ತಿಂದಿದ್ದೆ. ಆ ಸಿಟ್ಟು ಇಪ್ಪತ್ತು ವರ್ಷ ಒಳಗೇ ಇತ್ತೇನೋ.

ಎಪ್ಪತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ. ಬಾಗಲಕೋಟೆಗೆ ಬ್ಯಾಂಕಿನವರೊಬ್ಬರು ಮೈಸೂರಿನಿಂದ ವರ್ಗವಾಗಿ ಬಂದಿದ್ದರು. ಅವರ ಹೆಂಡತಿ ಭಾನುವಾರ ತಮ್ಮ ಮನೆಯ ಪಡಸಾಲೆಯಲ್ಲಿ ಹುಡುಗಿಯರಿಗೆ ನಾಟ್ಯ ಹೇಳಿಕೊಡುತ್ತಿದ್ದರು. ನಮ್ಮ ಕಡೆ ಕಲಿಸುವ ಹೆಂಗಸರಿಗೆ ಅಕ್ಕೋರು ಅನ್ನುವುದು ರೂಢಿ, ಹಾಗಾಗಿ ಅವರೂ ಅಕ್ಕೋರೇ ಆದರು. ಬಾಗಲಕೋಟೆಯಲ್ಲಿದ್ದ ನನ್ನಕ್ಕನ ಮಗಳನ್ನು ಒಂದು ಭಾನುವಾರ ಅಲ್ಲಿಗೆ ಬಿಡಲು ಹೋದೆ. ಬಾಗಿಲಲ್ಲಿ ನಿಂತು ನೋಡುತ್ತಿದ್ದಂತೆ ಸೀರೆಯೊಳಗೆ ನನ್ನ ಕಾಲು ತಾನೇ ಆಡತೊಡಗಿತು. ಅದು ಅಕ್ಕೋರ ಕಣ್ಣಿಗೆ ಬಿತ್ತು.

"ಹೊಸ್ತಿಲಲ್ಲಿ ನಿಂತು ಕದ್ದು ತಾಳ ಹಾಕಬೇಡಿ. ಹಾಕೋದಾದರೆ ಒಳಗೆ ಬಂದು ಹಾಕಿ" ಎಂದರು.

ಹೋದೆ. ಎಂಟೊಂಬತ್ತು ವರ್ಷದ ಹುಡುಗಿಯರ ಸಾಲಿನ ಹಿಂದೆ, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಎಮ್ಮೆಯಂಥ ನಾನು. ಮಕ್ಕಳು ಕಿಸಕ್ಕನೆ ನಕ್ಕವು. ನಾನೂ ನಕ್ಕೆ, ಆದರೆ ಹಿಂದೆ ಸರಿಯಲಿಲ್ಲ. ಅಂದಿನಿಂದ ಪ್ರತಿ ಭಾನುವಾರ ಇಳಕಲ್ಲಿನ ಮೊದಲ ಬಸ್ಸು ಹಿಡಿದು ಬಾಗಲಕೋಟೆಗೆ ಹೋಗುವುದು, ಸಂಜೆ ಮರಳುವುದು. ನನ್ನ ಗಂಡನದು ಒಂದೇ ಷರತ್ತು: "ಕುಣಿಯಾಕ ಹೋಗು, ಆದ್ರ ಚಾ ಮಾಡಿಟ್ಟು ಹೋಗು."

ಕಲಿಯುವುದಕ್ಕಿಂತ ಬಿಡದೆ ಮಾಡುವುದು ಕಷ್ಟ. ಮೊದಲ ತಿಂಗಳು ಹುರುಪು ಎಬ್ಬಿಸಿತು. ಎರಡನೆಯ ತಿಂಗಳು ಮೊಣಕಾಲು ಮಲಗಿಸಿತು. ಮೊಣಕಾಲನ್ನು ಎರಡೂ ಕಡೆ ಬಗ್ಗಿಸಿ ಅರ್ಧ ಕೂತಂತೆ ನಿಲ್ಲುವುದಕ್ಕೆ ಅರೆಮಂಡಿ ಎನ್ನುತ್ತಾರೆ. ಹಾಗೆ ನಿಂತು ನೆಲಕ್ಕೆ ಪಾದ ಬಡಿಯುವುದೇ ಮೊದಲ ಪಾಠ, ತಟ್ಟಡವು. ಹೇಳಲಿಕ್ಕೆ ಇಷ್ಟೇ. ಹತ್ತು ಸುತ್ತು ಮಾಡುವಷ್ಟರಲ್ಲಿ ತೊಡೆಯಲ್ಲಿ ಬೆಂಕಿ ಹತ್ತುತ್ತದೆ. ಬೆಳಿಗ್ಗೆ ಐದಕ್ಕೆ ಎದ್ದು, ರೊಟ್ಟಿ ಬಡಿಯುವ ಮೊದಲು, ಯಾರೂ ಬೆನ್ನು ಹತ್ತದೆ ಈ ಬೆಂಕಿಗೆ ಬೀಳುವವರು ಯಾರು? ನಾನಂತೂ ಅಲ್ಲ.

ನನ್ನನ್ನು ಎಬ್ಬಿಸಿದ್ದು ಮಾವನ ಮಗ್ಗ.

ನಮ್ಮದು ನೇಯುವ ಮನೆ. ಪಡಸಾಲೆಯ ನೆಲದಲ್ಲಿ ಗುಂಡಿ ತೋಡಿ ಮಗ್ಗ ಕೂಡಿಸಿದ್ದರು. ಮಾವ ಆ ಗುಂಡಿಯಲ್ಲಿ ಕಾಲು ಇಳಿಬಿಟ್ಟು ಕೂತು, ಕೆಳಗಿನ ಹಲಗೆಗಳನ್ನು ಒಂದಾದ ಮೇಲೊಂದು ತುಳಿಯುತ್ತ, ಲಾಳಿ ಎಳೆದು ನೇಯುತ್ತಿದ್ದರು. ದಿನಾ ಐದಕ್ಕೆ ಶುರು. ಟಕ್, ಧಡ್. ಟಕ್, ಧಡ್. ಪಡಸಾಲೆಗೂ ನಾವು ಮಲಗುವ ನಡುಮನೆಗೂ ನಡುವೆ ಒಂದೇ ಮಣ್ಣಿನ ಗೋಡೆ. ಅರವತ್ತು ದಾಟಿದ ಮುದುಕ ಎದ್ದು ದುಡಿಯುತ್ತಿರುವಾಗ ಸೊಸೆ ಮಗ್ಗುಲು ಹೊರಳುವುದೆಂದರೆ ನಾಚಿಕೆಗೇಡು. ಎದ್ದೆ. ಎದ್ದ ಮೇಲೆ ತಾಳ ಹಾಕುವವರನ್ನು ಎಲ್ಲಿಂದ ತರಲಿ? ಆ ಟಕ್-ಧಡ್‌ಗೇ ಕಾಲು ಹಾಕಿದೆ. ಒಂದು ಧಡ್‌ಗೆ ಎರಡು ಹೆಜ್ಜೆ. ಸರಿಯಾಗಿ ಕೂತಿತು. ಒಂದು ದಿನವೂ ತಪ್ಪದೆ ಏಳು ತಿಂಗಳು ಮಾಡಿದೆ ಎಂದರೆ ಅದು ನನ್ನ ಛಲವಲ್ಲ, ಗೋಡೆಯಾಚೆಯ ಆ ಸಪ್ಪಳ.

ಮಾವನಿಗೂ ನನಗೂ ಮಾತಿರಲಿಲ್ಲ. ಜಗಳವೇನಿಲ್ಲ, ರಿವಾಜು ಹಾಗೆ. ಸೊಸೆ ಮಾವನ ಮುಂದೆ ತಲೆ ಮೇಲೆ ಸೆರಗು ಹೊದ್ದು ಓಡಾಡಬೇಕು, ಎದುರು ನಿಂತು ಮಾತಾಡಬಾರದು. ಅವರಿಗೆ ಏನಾದರೂ ಹೇಳುವುದಿದ್ದರೆ ಅತ್ತೆಗೆ ಹೇಳಿದಂತೆ, ಅತ್ತೆ ಇಲ್ಲದಿದ್ದರೆ ಗೋಡೆಗೆ ಹೇಳಿದಂತೆ ಹೇಳುವರು. ಒಂದು ಬೆಳಿಗ್ಗೆ ನನ್ನ ಹಿಮ್ಮಡಿ ಒಡೆದು ಕುಂಟುತ್ತ ಹೆಜ್ಜೆ ಹಾಕುತ್ತಿದ್ದೆ. ಆಚೆಯಿಂದ ದನಿ ಬಂತು: "ಹಿಮ್ಮಡಿಗೆ ಕೊಬ್ಬರಿ ಎಣ್ಣಿ ಹಚ್ಚಿದ್ರ ಆರಾಮ ಆಕ್ಕೇತಿ ಅಂತ ಈ ಗ್ವಾಡಿಗೆ ಯಾರರ ಹೇಳಬೇಕು." ಗೋಡೆಯ ಪರವಾಗಿ ನಾನು ಎಣ್ಣೆ ಹಚ್ಚಿಕೊಂಡೆ. ನಾಟ್ಯದ ವಿಷಯ ಅವರು ಹೌದು ಅನ್ನಲಿಲ್ಲ, ಅಲ್ಲ ಅನ್ನಲಿಲ್ಲ. ಅತ್ತೆ ಮಾತ್ರ "ಹೊಟ್ಟಿಗಿ ಹಿಟ್ಟಿಲ್ಲದಿದ್ರೂ ಜುಟ್ಟಿಗಿ ಮಲ್ಲಿಗಿ ಹೂವಂತ" ಎಂದು ದಿನಕ್ಕೊಮ್ಮೆಯಾದರೂ ಅನ್ನುತ್ತಿದ್ದರು.

ಅಕ್ಕೋರಲ್ಲಿ ಒಂದು ನೇಮವಿತ್ತು. ತಟ್ಟಡವು ನೂರು ಸುತ್ತು, ನಡುವೆ ನಿಲ್ಲದೆ, ಲಯ ಕೂದಲೆಳೆಯಷ್ಟೂ ಜಗ್ಗದೆ ಮಾಡಿ ತೋರಿಸಿದವರಿಗೇ ಮುಂದಿನ ಪಾಠ. ನನ್ನ ಜೊತೆಗಿದ್ದ ಮಕ್ಕಳು ಒಬ್ಬೊಬ್ಬರಾಗಿ ದಾಟಿದರು. ನಾನು ದಾಟಲಿಲ್ಲ. ಒಂದು ಭಾನುವಾರ ಅಕ್ಕೋರು ಮಣೆಯ ಮೇಲೆ ಕೋಲಿನಿಂದ ತಾಳ ಹಾಕುತ್ತ ನನ್ನನ್ನೊಬ್ಬಳನ್ನೇ ನಿಲ್ಲಿಸಿದರು. ಐವತ್ತರವರೆಗೆ ಅವರ ಮುಖ ಅರಳಿತ್ತು. ಅರವತ್ತು ದಾಟುತ್ತಿದ್ದಂತೆ ಹುಬ್ಬು ಗಂಟಾಯಿತು. ಎಪ್ಪತ್ತಕ್ಕೆ ಕೋಲು ಕೆಳಗಿಟ್ಟರು.

"ನೋಡಿ, ದಣಿದು ಲಯ ಬಿಡೋದು ಬೇರೆ. ನೀವು ದಣಿಯೋದಕ್ಕೆ ಮೊದಲೇ, ಅರವತ್ತಾದ ಕೂಡಲೇ ಎಳೆಯೋಕೆ ಶುರು ಮಾಡ್ತೀರಿ. ಪ್ರತಿ ಸಾರಿಯೂ ಅದೇ ಜಾಗ. ಇದು ಅಭ್ಯಾಸದಲ್ಲೇ ಕೂತುಬಿಟ್ಟಿದೆ. ಮನೇಲಿ ಯಾರು ನಿಮಗೆ ತಾಳ ಹಾಕೋದು?"

"ಯಾರೂ ಇಲ್ರಿ" ಎಂದೆ. ಮಗ್ಗ ಅನ್ನಲು ನಾಚಿಕೆಯಾಯಿತು.

"ಹೊರಗೆ ಎಂಟು ಮಕ್ಕಳು ಜಾಗಕ್ಕಾಗಿ ಕಾಯ್ತಿದ್ದಾರೆ. ಇನ್ನು ನಾಲ್ಕು ಭಾನುವಾರ ನೋಡ್ತೀನಿ. ಆಗಲಿಲ್ಲ ಅಂದರೆ ಬೇಜಾರು ಮಾಡ್ಕೋಬೇಡಿ, ನಿಮ್ಮ ಜಾಗ ಮಕ್ಕಳಿಗೆ ಕೊಡ್ತೀನಿ."

ಬಸ್ಸಿನಲ್ಲಿ ಕಮತಗಿ ಬಂದದ್ದು, ಅಮೀನಗಡ ದಾಟಿದ್ದು ಒಂದೂ ತಿಳಿಯಲಿಲ್ಲ. ಅಳು ಬರುತ್ತಿತ್ತು, ಪಕ್ಕದಲ್ಲಿ ಯಾರೋ ಕೋಳಿ ಹಿಡಿದು ಕೂತಿದ್ದರಿಂದ ಅಳಲೂ ಆಗಲಿಲ್ಲ. ಮೂವತ್ತರ ಹೆಂಗಸನ್ನು ಒಮ್ಮೆ ಹೊರಗೆ ಹಾಕಿದರೆ ಇನ್ನು ಯಾರು ಒಳಗೆ ಕರೆಯುತ್ತಾರೆ? ನನಗೆ ಎರಡನೆಯ ಹೊಸ್ತಿಲು ಇರಲಿಲ್ಲ.

ಮರುದಿನ ಐದಕ್ಕೆ ಎದ್ದು ಎಂದಿನಂತೆ ನಿಂತೆ. ಈ ಸಲ ಕಾಲು ಹಾಕುತ್ತಲೇ ಕಿವಿಯನ್ನೂ ಕೊಟ್ಟೆ. ನಲವತ್ತು, ಐವತ್ತು. ಅರವತ್ತರ ಹತ್ತಿರ ಮಗ್ಗ ಸಣ್ಣಗೆ ತಡೆಯಿತು. ಧಡ್ ಬರುವುದಕ್ಕೆ ಮೊದಲು ಒಂದು ಉಸಿರಿನಷ್ಟು ಹೊತ್ತು ಹೆಚ್ಚಾಯಿತು. ಇಲ್ಲೇ ಇದೆ ಕಳ್ಳ ಅಂದುಕೊಂಡೆ. ಪರೀಕ್ಷೆ ಮಾಡಲು ಬೇಕೆಂದೇ ಹೆಜ್ಜೆ ಇನ್ನೂ ನಿಧಾನಿಸಿದೆ. ಮಗ್ಗ ನಿಧಾನವಾಯಿತು. ಚುರುಕು ಮಾಡಿದೆ. ಮಗ್ಗವೂ ಚುರುಕಾಯಿತು. ಏಳು ತಿಂಗಳು ನಾನು ಮಗ್ಗದ ಹಿಂದೆ ಹೋಗುತ್ತಿದ್ದೇನೆ ಅಂದುಕೊಂಡಿದ್ದೆ. ಮಗ್ಗ ನನ್ನ ಹಿಂದೆ ಬರುತ್ತಿತ್ತು!

ಆಗ ನನಗೆ ಬಂದದ್ದು ಪ್ರೀತಿಯಲ್ಲ, ಸಿಟ್ಟು. ನನ್ನ ಕಾಲು ಸೋಲುತ್ತದೆ ಎಂದು ಮಾವ ಕನಿಕರಪಟ್ಟು ಲಯ ಸಡಿಲಿಸುತ್ತಿದ್ದಾರೆ. ನಡೆಯಲು ಕಲಿಯುವ ಕೂಸಿನ ಮುಂದೆ ದೊಡ್ಡವರು ಕುಂಟುವ ಹಾಗೆ. ಆ ಕನಿಕರ ನನ್ನ ಜಾಗ ಕಳೆಯಲಿಕ್ಕೆ ಹತ್ತಿದೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎನ್ನುವ ಗಾದೆ ಆ ಹೊತ್ತಿಗೆ ನೆನಪಿಗೆ ಬರಬೇಕಿತ್ತು, ಬರಲಿಲ್ಲ. ಮೈಯೆಲ್ಲ ಉರಿದು, ಅಡುಗೆಮನೆಗೆ ಹೋಗಿ ರೊಟ್ಟಿ ಹಿಟ್ಟು ನಾದುತ್ತ, ಪಡಸಾಲೆಗೆ ಕೇಳುವ ಹಾಗೆ ಜೋರಾಗಿ ಹೇಳಿದೆ:

"ಮಂದಿ ಕನಿಕರದ ತಾಳ ನನಗ ಬ್ಯಾಡಂತ ಈ ಗ್ವಾಡಿಗೆ ಹೇಳತೇನಿ. ಇದರಿಂದ ನನ್ನ ಕಾಲು ಕೆಟ್ಟಾವು. ನಾಳಿಂದ ನಾ ಹುನಗುಂದದಾಗ ಮಾಡ್ಕೋತೇನಿ."

ಗೋಡೆಗೆ ಮಾತಾಡುವುದು ಹಿರಿಯರ ಹಕ್ಕು. ಸೊಸೆ ಅದನ್ನು ತಿರುಗಿಸಿ ಬಳಸಿದ್ದು ಆ ಮನೆಯಲ್ಲಿ ಅದೇ ಮೊದಲು. ಮಗ್ಗ ನಿಂತಿತು. ಅತ್ತೆ ಬಾಯಿ ಮೇಲೆ ಕೈ ಇಟ್ಟುಕೊಂಡರು. ಸ್ವಲ್ಪ ಹೊತ್ತಿನ ಮೇಲೆ ಮಾವ ಗುಂಡಿಯಿಂದ ಮೇಲೆದ್ದು ಹೊರಗೆ ಹೋದ ಸಪ್ಪಳ ಕೇಳಿಸಿತು. ನಾನು ರೊಟ್ಟಿ ಬಡಿದೆ, ಎಂದಿಗಿಂತ ಜೋರಾಗಿ.

ಮರುದಿನದಿಂದ, ಕೂಸನ್ನು ಅತ್ತೆಗೆ ಬಿಟ್ಟು, ಕತ್ತಲಿರುವಾಗಲೇ ಹುನಗುಂದದ ಬಸ್ಸು. ಕೋರ್ಟಿನ ಸಿಪಾಯಿ ಅಲ್ಲಿಯೇ ಹಿಂದಿನ ಕೋಣೆಯಲ್ಲಿ ಮಲಗುತ್ತಿದ್ದ. ನಿವೃತ್ತಿಗೆ ಹತ್ತಿರ ಬಂದ ಮನುಷ್ಯ. ದಫ್ತರದ ಕೋಣೆಯ ಕೀಲಿ ಅವನ ಹತ್ತಿರ. ವಿಷಯ ಹೇಳಿದಾಗ ತಲೆ ಕೆರೆದುಕೊಂಡ. "ಬಾಯಾರ, ಈ ಕೋರ್ಟಿನಾಗ ಮಂದಿ ಅತ್ತದ್ದು ನೋಡೇನಿ, ಬಡದಾಡಿದ್ದು ನೋಡೇನಿ. ಕುಣಿದದ್ದು ನೋಡಿಲ್ಲ. ಅದೊಂದು ಆಗಿಬಿಡ್ಲಿ" ಎಂದು ಬಾಗಿಲು ತೆಗೆದ.

ಆ ಕೋಣೆಯಲ್ಲಿ ಕಡತ ಕಟ್ಟಿಟ್ಟ ಕೆಂಪು ಬಟ್ಟೆಯ ಗಂಟುಗಳ ನಡುವೆ ಒಂದು ಹಳೆಯ ಗಡಿಯಾರ ತೂಗುತ್ತಿತ್ತು. ಟಿಕ್ಕು ಟಿಕ್ಕು ಎಂದು ಅದರ ಗುಂಡು ಆಡುತ್ತಿತ್ತು. ಅದಕ್ಕೆ ಕರುಣೆ ಇಲ್ಲ. ಎಪ್ಪತ್ತಕ್ಕೆ ನನ್ನ ತೊಡೆ ನಡುಗಿದರೂ ಅದು ನಿಲ್ಲದು, ತೊಂಬತ್ತಕ್ಕೆ ಕಣ್ಣು ಕತ್ತಲೆ ಬಂದರೂ ನಿಲ್ಲದು. ಮೊದಲ ವಾರ ಎಪ್ಪತ್ತಕ್ಕೆ ಕುಸಿದು ಗಂಟುಗಳ ಮೇಲೆ ಬಿದ್ದೆ. ಎರಡನೆಯ ವಾರ ಎಂಬತ್ತು. ದಿನವೂ ಬಸ್ಸಿನಲ್ಲಿ ಲೆಕ್ಕ: ಇನ್ನು ಹದಿನೆಂಟು ದಿನ, ಇನ್ನು ಹದಿನೈದು ದಿನ. ಕೆಲಸಕ್ಕೆ ಕೂತರೆ ಮೇಜಿನ ಕೆಳಗೆ ಕಾಲು ನಡುಗಿ ಟೈಪಿನಲ್ಲಿ ತಪ್ಪು ಬೀಳುತ್ತಿತ್ತು. ವಾದಿ ಅನ್ನುವ ಕಡೆ ಪ್ರತಿವಾದಿ ಹೊಡೆದು ಶಿರಸ್ತೇದಾರರಿಂದ ಬೈಸಿಕೊಂಡೆ.

ಅದೇ ಶಿರಸ್ತೇದಾರರು ಒಂದು ಬೆಳಿಗ್ಗೆ, ಯಾವುದೋ ಕಾಗದಕ್ಕಾಗಿ, ಏಳು ಗಂಟೆಗೇ ಬಂದುಬಿಟ್ಟರು. ನಾನು ಅರೆಮಂಡಿಯಲ್ಲಿ ಎಂಬತ್ತೆರಡಕ್ಕೆ ಇದ್ದೆ. ಕಪಾಟಿನ ಹಿಂದೆ ಸರಿದು ಹಾಗೇ ನಿಂತೆ. ಸರಕಾರಿ ದಫ್ತರದಲ್ಲಿ ಕುಣಿಯುತ್ತಿದ್ದಳು ಎಂದು ಬರೆದರೆ ನೌಕರಿಯ ಗತಿ ಏನು?

"ಒಳಗ ಏನೋ ಧಬಧಬ ಸಪ್ಪಳ ಆತಲ್ಲೋ?"

"ಇಲಿ ಇರಬೇಕ್ರಿ ಸಾಹೇಬ್ರ" ಎಂದ ಸಿಪಾಯಿ.

"ಇಷ್ಟು ದೊಡ್ಡ ಇಲಿ?"

"ಸರಕಾರಿ ಕಾಗದ ತಿಂದ ಇಲಿ ಐತ್ರಿ."

ಅವರು "ಬೋನು ಇಡು" ಎಂದು ಹೋದರು. ನಾನು ಬೆವರು ಒರೆಸಿಕೊಂಡು ಮತ್ತೆ ಒಂದರಿಂದ ಶುರು ಮಾಡಿದೆ.

ಮನೆಯಲ್ಲಿ ಏನು ನಡೆದಿದೆ ಎಂದು ನಾನು ನೋಡಲಿಲ್ಲ. ಕತ್ತಲಲ್ಲಿ ಹೋಗಿ ದೀಪ ಹಚ್ಚುವ ಹೊತ್ತಿಗೆ ಬರುತ್ತಿದ್ದೆ. ನಾನಿಲ್ಲದ ಹೊತ್ತಿನಲ್ಲಿ ಮಗ್ಗ ನಡೆಯುತ್ತಿದೆ ಅಂದುಕೊಂಡಿದ್ದೆ. ಮಾವನ ಎದುರು ಬೀಳಲು ಮುಜುಗರವೂ ಇತ್ತು, ಹಟವೂ ಇತ್ತು. ತಪ್ಪು ಅವರದು ಎಂದು ಎದೆ ಮುಟ್ಟಿ ನಂಬಿದ್ದೆ.

ನಾಲ್ಕನೆಯ ಭಾನುವಾರ ಅಕ್ಕೋರು ಮಕ್ಕಳನ್ನೆಲ್ಲ ಗೋಡೆಗೆ ಕೂಡಿಸಿದರು. ಹೊಸದಾಗಿ ಸೇರಲು ಬಂದ ಹುಡುಗಿಯೊಬ್ಬಳು ಅವ್ವನ ಕೈ ಹಿಡಿದು ಬಾಗಿಲಲ್ಲೇ ನಿಂತಿದ್ದಳು, ನನ್ನ ಜಾಗವನ್ನೇ ನೋಡುತ್ತ. ಕೋಲು ಬಿತ್ತು. ಐವತ್ತು ಬಂದದ್ದು ಹೋದದ್ದು ತಿಳಿಯಲಿಲ್ಲ. ಅರವತ್ತು ಬಂತು. ಅಕ್ಕೋರ ಕಣ್ಣು ನನ್ನ ಪಾದಕ್ಕೆ ಅಂಟಿತ್ತು. ಅರವತ್ತೊಂದು. ಅರವತ್ತೆರಡು. ಕಾಲು ಎಳೆಯಲಿಲ್ಲ. ಎಂಬತ್ತಕ್ಕೆ ಬೆವರು ಕಣ್ಣಿಗಿಳಿಯಿತು. ತೊಂಬತ್ತರಿಂದ ಆಚೆ ಮಕ್ಕಳೇ ಗಟ್ಟಿಯಾಗಿ ಎಣಿಸತೊಡಗಿದವು. ನೂರಕ್ಕೆ ಕೋಲು ನಿಂತಾಗ ನಾನು ನೆಲಕ್ಕೆ ಕೂತೆ, ಕೂತದ್ದಲ್ಲ, ಬಿದ್ದೆ.

"ಎಲ್ಲಿ ಹೋಯ್ತು ಆ ಎಳೆತ? ಮುಂದಿನ ವಾರ ಹೊಸ ಪಾಠ" ಎಂದರು ಅಕ್ಕೋರು. ಬಾಗಿಲಲ್ಲಿದ್ದ ಹುಡುಗಿಯ ಮುಖ ಸಣ್ಣದಾಯಿತು. ನನಗೆ ಅದರ ಮೇಲೂ ಅಯ್ಯೋ ಅನಿಸಲಿಲ್ಲ, ಅಷ್ಟು ಖುಷಿ.

ಸಂಜೆ ಬಸ್ಸು ಇಳಿದು ಓಡುತ್ತಲೇ ಮನೆಗೆ ಬಂದೆ. ಅತ್ತೆ ಒಲೆಯ ಮುಂದಿದ್ದರು. "ಅತ್ತೀ, ಪಾಸಾದೇನ್ರಿ!" ಎಂದೆ. ಅವರು ಹಿಂದೆ ತಿರುಗಲಿಲ್ಲ.

"ಭೇಷ್ ಆತು ಬಿಡವಾ. ಇನ್ನರ ಅವರಿಗೆ ಒಂದು ಮಾತು ಹೇಳು. ತಿಂಗಳಾತು, ಮಗ್ಗಕ್ಕ ಇಳಿದಿಲ್ಲ."

"ಅಂದ್ರ? ನೇಯಾಕತ್ತಿಲ್ಲೇನ್ರಿ? ನನಗ ಯಾಕ ಹೇಳಲಿಲ್ಲ?"

"ಹೇಳಬ್ಯಾಡ ಅಂದ್ರು. ಅಕೀದು ಪರೀಕ್ಷಾ ಐತಿ, ಕಾಲು ತಪ್ಪಾವು ಅಂದ್ರು."

ಪಡಸಾಲೆಗೆ ಹೋದೆ. ಮಗ್ಗದ ಮೇಲೆ ಅರ್ಧ ನೇಯ್ದ ಸೀರೆ, ಅದರ ಮೇಲೆ ಧೂಳು ಬೀಳದಂತೆ ಹಳೆಯ ಧೋತರ. ಮಾವ ಗುಂಡಿಯ ಪಕ್ಕ ಗೋಡೆಗೆ ಒರಗಿ, ಎಡಗಾಲು ಚಾಚಿ ಕೂತಿದ್ದರು. ಸೆರಗು ಹೊದ್ದೆನೋ ಇಲ್ಲವೋ ನೆನಪಿಲ್ಲ. ಎದುರಿಗೇ ನಿಂತು ಕೇಳಿದೆ.

"ಮಾವಾರ, ನಾ ಅವತ್ತ ಹಂಗ ಅಂದದ್ದಕ್ಕ ಸಿಟ್ಟು ಮಾಡ್ಕೊಂಡು ಬಿಟ್ರೇನ್ರಿ?"

ಅವರು ನನ್ನ ಮುಖ ನೋಡಿದರು. ಮದುವೆಯಾದ ಎಂಟು ವರ್ಷಕ್ಕೆ ಮೊದಲ ಸಲ.

"ಸಿಟ್ಟು ಯಾತರದ್ದವಾ. ಎರಡು ವರ್ಷ ಆತು, ಈ ಕಾಲು ಜೋಮು ಹಿಡಿಯಾಕತ್ತಿ. ದವಾಖಾನ್ಯಾಗ ಇನ್ನ ತುಳೀಬ್ಯಾಡ ಅಂದಿದ್ರು. ಬಿಡಬೇಕಂತ ಮಾಡಿದ್ದೆ. ಅಷ್ಟರಾಗ ನೀ ಶುರು ಮಾಡಿದಿ. ಗ್ವಾಡಿ ಆಚಿ ನಿನ್ನ ಕಾಲು ಬಿದ್ದಂಗ ನನ್ನ ಕಾಲೂ ಏಳತಿತ್ತು. ನಿನಗ ನಾ ತಾಳ ಹಾಕಿಲ್ಲ. ನೀನ ನನಗ ಹಾಕಿದಿ."

"ಮತ್ತ ಅರವತ್ತಕ್ಕ ನಿಧಾನ ಆಗತಿತ್ತಲ್ರಿ?"

"ಅಷ್ಟೊತ್ತಿಗೆ ನನ್ನ ಕಾಲು ಸೋಲತಿತ್ತು. ನೀನೂ ನಿಧಾನ ಆಗತಿದ್ದಿ. ಸೊಸಿ ನನ್ನ ಸಲವಾಗಿ ನಿಧಾನ ಮಾಡತಾಳ ಅಂತ ತಿಳಕೊಂಡಿದ್ದೆ."

ನಾನು ಕನಿಕರ ಎಂದು ಬೈದೆ. ಅವರು ಅದೇ ಏಳು ತಿಂಗಳನ್ನು ನನ್ನ ಕನಿಕರ ಎಂದುಕೊಂಡು, ಬೈಯದೆ, ಒಳ್ಳೆಯ ಸೊಸೆ ಸಿಕ್ಕಳು ಎಂದು ನೇಯುತ್ತಿದ್ದರು. ಕಣ್ಣೀರು ಬಂತೋ ಇಲ್ಲವೋ ಗೊತ್ತಿಲ್ಲ. "ನಾಳೆ ಇಳೀರಿ ಮಾವಾರ. ನಾ ಮನ್ಯಾಗ ಮಾಡತೇನಿ" ಎಂದೆ.

ಬೆಳಿಗ್ಗೆ ಐದಕ್ಕೆ ಅವರು ಗುಂಡಿಯ ಅಂಚು ಹಿಡಿದು, ಒಂದೊಂದಾಗಿ ಕಾಲು ಇಳಿಬಿಟ್ಟದ್ದು ಗೋಡೆಯಾಚೆಯಿಂದ ಕೇಳಿಸಿತು. ನಾನು ಅರೆಮಂಡಿಗೆ ಕೂತೆ. ಎಷ್ಟು ಆಗುತ್ತದೋ ಅಷ್ಟು ನಿಧಾನವಾಗಿ, ಕೂಸಿಗೆ ತಟ್ಟುವಂತೆ ಹೆಜ್ಜೆ ಇಟ್ಟೆ. ಟಕ್, ಧಡ್. ಬಂತು! ಟಕ್, ಧಡ್. ಹತ್ತು ಸುತ್ತು ಹೇಗೋ ಹಿಡಿದಿಟ್ಟೆ. ಹನ್ನೆರಡಕ್ಕೆ ನನ್ನ ಕಾಲು ತಾನೇ ಮುಂದೆ ಹೋಯಿತು. ಎಳೆದು ತಂದೆ. ಮತ್ತೆ ಹೋಯಿತು. ಒಂದು ತಿಂಗಳು ಹೊಡೆದು ಕಲಿಸಿದ ಕಾಲು, ಯಾರಿಗಾಗಿಯೂ ತಡೆದು ನಿಲ್ಲಬಾರದೆಂದು ಕಲಿಸಿದ್ದೂ ನಾನೇ. ಆಚೆ ಕಡೆ ಧಡ್ ಹಿಂದೆ ಬಿತ್ತು. ಬೆನ್ನಟ್ಟಿ ಬಂತು, ಒಮ್ಮೆ ಹಿಡಿಯಿತು, ಮತ್ತೆ ಹಿಂದೆ ಬಿತ್ತು. ಆಮೇಲೆ ಬರಲೇ ಇಲ್ಲ.

ನಾನು ನಿಂತೆ.

"ನಿಂತ್ಯಾಕ?" ಮಾವನ ದನಿ, ಈ ಸಲ ಗೋಡೆಗಲ್ಲ, ನನಗೇ. "ಪಾಸಾದ ಕಾಲು ಅವು, ನಿಲ್ಲಸಬ್ಯಾಡ. ನಾ ಕೇಳತೇನಿ, ನಡೀಲಿ."

ಹದಿಮೂರರಿಂದ ಮತ್ತೆ ಹಿಡಿದೆ. ಕಣ್ಣೀರು ಇಳಿಯುತ್ತಿತ್ತು, ಒರೆಸಲು ಸೊಂಟದ ಮೇಲಿನ ಕೈ ತೆಗೆಯುವಂತಿರಲಿಲ್ಲ. ಅವತ್ತು ನೂರನ್ನೂ ಮುಗಿಸಿದೆ, ಎಲ್ಲಿಯೂ ಲಯ ತಪ್ಪಲಿಲ್ಲ. ಆ ಸೀರೆಯ ಉಳಿದರ್ಧವನ್ನು ಪಕ್ಕದ ಮನೆಯವರು ಬಂದು ನೇಯ್ದು ಮುಗಿಸಿಕೊಟ್ಟರು.